ಹಡಗು ಮುಳುಗಿಸದ ಕಾಕಾ

“ನಮ್ಮೂರ ಹಡಗದ ಕಾಕಾ ಮಹಾಯುದ್ಧದಾಗ ವೈರಿ ಹಡಗ ಮುಳುಗಿಸಿ ಬಂದಾಂವ!”

ನವಲಗುಂದದ ಬಸ್ಸು ಹತ್ತಿದರೆ ಸಾಕು, ನಮ್ಮೂರಿನವರು ಯಾರಾದರೊಬ್ಬರು ಪಕ್ಕದವರ ಕಿವಿಗೆ ಇದನ್ನು ಸುರಿಯುತ್ತಾರೆ. ಶುದ್ಧ ಸುಳ್ಳು! ನನ್ನ ಕಾಕಾ ಜೀವಮಾನದಲ್ಲಿ ಮುಳುಗಿಸಿದ್ದು ತನ್ನ ಹೆಂಡತಿಯ, ಅಂದರೆ ನಮ್ಮ ಕಾಕುವಿನ, ತಾಮ್ರದ ಕೊಡವನ್ನು ಮಾತ್ರ. ಅದೂ ಸಮುದ್ರದಲ್ಲಲ್ಲ, ಊರಿನ ಸಿಹಿನೀರ ಬಾವಿಯಲ್ಲಿ. ಕೊಡಕ್ಕೆ ತನ್ನ ಹಡಗಿನ ಗಂಟು ಹಾಕಿ ಇಳಿಬಿಟ್ಟ; ಗಂಟು ಬಿಚ್ಚಿಕೊಂಡಿತು. ಕಾಕು ಸೊಂಟದ ಮೇಲೆ ಕೈಯಿಟ್ಟು ನಿಂತಾಗ ಅವನ ಸಮಜಾಯಿಷಿ ಏನು ಗೊತ್ತೇ?

“ಅದು ಉಪ್ಪನೀರಿನ ಗಂಟು. ಸಿಹಿನೀರಾಗ ನಿಲ್ಲೂದಿಲ್ಲ.”

“ಹಂಗಾರ ನಿಮ್ಮ ಸಮುದ್ರಕ್ಕ ಹೋಗಿ ನೀರ ತರ್ರಿ!” ಎಂದಳು ಕಾಕು.

ಕಾಕಾ ನನ್ನ ತಂದೆಯ ಕಿರಿಯ ತಮ್ಮ. ನನಗಿಂತ ನಾಲ್ಕಾರು ವರ್ಷ ದೊಡ್ಡವನು, ಅಷ್ಟೇ. ಹರೆಯದಲ್ಲಿ ಮನೆ ಬಿಟ್ಟು ಮುಂಬಯಿಗೆ ಓಡಿ, ಒಂದು ಟಗ್ಗಿನಲ್ಲಿ ಖಲಾಸಿಯಾದ. ಟಗ್ಗೆಂದರೆ ಬಂದರಿನೊಳಗೆ ದೊಡ್ಡ ಹಡಗುಗಳಿಗೆ ಹಗ್ಗ ಕಟ್ಟಿ ಎಳೆಯುವ ಪುಟ್ಟ ಉಗಿ ಹಡಗು. ಯಾವುದೋ ವ್ಯಾಪಾರಿ ಕಂಪನಿಯದು. ಯುದ್ಧ ಬಂದಾಗ ಸರಕಾರ ಅದನ್ನು ವಶಕ್ಕೆ ತೆಗೆದುಕೊಂಡಿತು. ಕೆಂಪು ಹೊಗೆಕೊಳವೆಗೆ ಬೂದಿ ಬಣ್ಣ ಬಳಿದರು. ಹೆಸರು ಅಳಿಸಿ ಅಂಕಿ ಬರೆದರು. ಮುಂದೆ ಒಂದು ತೋಪು ಕೂರಿಸಿದರು. ಮುಗಿಯಿತು, ನೌಕಾಪಡೆಯ ಗಸ್ತು ಹಡಗು ಸಿದ್ಧ! ಎತ್ತಿನ ಕೊಂಬಿಗೆ ಬಣ್ಣ ಹಚ್ಚಿ ಯುದ್ಧದ ಆನೆಯೆಂದು ಕರೆದ ಹಾಗೆ. ಪರೀಕ್ಷೆಗೆಂದು ಆ ತೋಪು ಹಾರಿಸಿದ ದಿನ ಒಡೆದದ್ದು ಅಡುಗೆಯವನ ಮಡಕೆಗಳು. ಆಮೇಲೆ ಬಂದರಿನ ಬಾಯಲ್ಲಿ ಅತ್ತಿಂದಿತ್ತ ತಿರುಗುವುದು, ಮೀನುಗಾರರ ದೋಣಿ ತಡೆದು ವಿಚಾರಿಸುವುದು, ಇದೇ ಅದರ ಪರಾಕ್ರಮ. ಒಮ್ಮೆ ಮಾತ್ರ, ಬೆಂಕಿ ಹತ್ತಿದ ಸರಕು ಹಡಗಿನಿಂದ ನೀರಿಗೆ ಜಿಗಿದವರನ್ನು ಹಗ್ಗ ಎಸೆದು ಎಳೆದುಕೊಂಡೆವೆಂದು ಕಾಕಾ ಹೇಳುತ್ತಿದ್ದ. ಯುದ್ಧ ಮುಗಿದೊಡನೆ ತೋಪು ಕಿತ್ತು, ಹಳೆಯ ಹೆಸರು ಬರೆದು, ಮತ್ತೆ ಎಳೆಯಲು ಹಚ್ಚಿದರು. ಇದರಲ್ಲಿ ಮುಳುಗಿಸುವ ಮಾತು ಎಲ್ಲಿಂದ ಬಂತು?

ಊರಿಗೆ ಮರಳಿದ ಕಾಕಾ ಎಳೆಯುವುದನ್ನು ಬಿಡಲಿಲ್ಲ. ನಮ್ಮದು ಎರೆಭೂಮಿ, ಮಳೆ ಬಿದ್ದರೆ ಚಕ್ಕಡಿಯ ಗಾಲಿ ಅರ್ಧಕ್ಕರ್ಧ ಹೂತುಹೋಗುತ್ತದೆ. ಯಾರದೇ ಚಕ್ಕಡಿ ಸಿಕ್ಕಲಿ, ತೊಡೆಗಾತ್ರದ ಹಗ್ಗ ಹೊತ್ತು ಅವನು ಹಾಜರು!

“ಬಾರಕೋಲ ಒಗಿಯಲೇ! ಜಗ್ಗೂದಂದ್ರ ಜಗಳಾ ಆಡೂದಲ್ಲ. ಮೊದಲ ಹಗ್ಗ ಬಿಗಿ ಆಗಲಿ, ಆಮ್ಯಾಲ ಸಾವಕಾಶ ಬಾಜೂಕ ಜಗ್ಗು.”

ಚಕ್ಕಡಿ ಮೇಲೆ ಬರುತ್ತಿತ್ತು, ನಿಜ. ಆದರೆ ಬಾವಿಯಲ್ಲಿ ತಾನಾಗಿ ಬಿಚ್ಚಿಕೊಂಡಿದ್ದ ಅದೇ ಗಂಟು ಇಲ್ಲಿ ಕುಡುಗೋಲಿಗೂ ಬಗ್ಗುತ್ತಿರಲಿಲ್ಲ!

ಇಂಥವನಿಗೆ ಹೋದ ವರ್ಷ ಸ್ವಾತಂತ್ರ್ಯ ದಿನದಂದು ಊರ ಸನ್ಮಾನ ಸಮಿತಿ ಮಾಲೆ ಹಾಕಿತು. ಸಮಿತಿಯ ಅಧ್ಯಕ್ಷ ಮೈಕು ಹಿಡಿದು ವೈರಿಯ ಹಡಗನ್ನು ಮುಳುಗಿಸತೊಡಗಿದ. ಕಾಕಾ ಎದ್ದು ನಿಂತ.

“ಏ, ನಿಂದರ್ರಿ! ಮುಳುಗಿಸಿಲ್ಲ, ಜಗ್ಗೇವಿ! ಉರಿಯೂ ಹಡಗಿನ ಮಂದೀನ ಜಗ್ಗೇವಿ!”

“ನೋಡ್ರಿ ದೊಡ್ಡವರ ದೊಡ್ಡಗುಣಾ! ಮಾಡಿದ್ದನ್ನ ಒಪ್ಪಂಗಿಲ್ಲ!” ಎಂದ ಅಧ್ಯಕ್ಷ. ಚಪ್ಪಾಳೆ ಇಮ್ಮಡಿಯಾಯಿತು. ಸತ್ಯ ಹೇಳಿದರೆ ವಿನಯವೆಂದು ಚಪ್ಪಾಳೆ ತಟ್ಟುವ ಜನಕ್ಕೆ ಏನೆನ್ನಬೇಕು? ಕಾಕಾ ಮಾಲೆ ತೆಗೆದು ಮೈಕಿನ ಕೊರಳಿಗೆ ಹಾಕಿದ. “ಎಲ್ಲಾ ಮಾಡಿದ್ದು ಇದ. ಮಾಲಿನೂ ಇದಕ್ಕ ಇರಲಿ.”

ಈ ಶ್ರಾವಣದಲ್ಲಿ ಕಾಕಾ ತೀರಿಕೊಂಡ. ಮೈಕು ಮಾತ್ರ ಸುಮ್ಮನಾಗಲಿಲ್ಲ! ಬಸ್ಸು ನಿಲ್ಲುವಲ್ಲಿ ಅವನ ಹೆಸರಿನ ಕಲ್ಲು ನಿಲ್ಲಿಸುತ್ತಾರಂತೆ; ‘ಶತ್ರುನೌಕೆಯನ್ನು ಮುಳುಗಿಸಿದ ವೀರ’ ಎಂದು ಕೆತ್ತಿಸುತ್ತಾರಂತೆ. ಕಲ್ಲು ಅಣ್ಣಿಗೇರಿಯ ಕಲ್ಲುಕುಟಿಗನ ಅಂಗಳದಲ್ಲಿ ಮಲಗಿದೆ. ಅಕ್ಷರ ಇನ್ನೂ ಬಿದ್ದಿಲ್ಲ. ಸುದ್ದಿ ಕೇಳಿದವನೇ ಅಧ್ಯಕ್ಷನ ಮನೆಗೆ ಹೋದೆ.

“ಅದು ಸುಳ್ಳು. ‘ಉರಿಯುವ ಹಡಗಿನವರನ್ನು ಜಗ್ಗಿ ಉಳಿಸಿದವನು’ ಅಂತ ಬರಸು.”

“ಜಗ್ಗಿದಾಂವ ಅಂತ ಬರಸಿದ್ರ, ಇದೇನ ಎತ್ತಿನ ಸಮಾಧಿ ಏನ ಅಂತ ಕೇಳತಾರ್ರಿ ಅಜ್ಜಾರ! ಅಲ್ಲದ, ನೀವೇನ ಕಂಡಿದ್ರೇನ?”

“ನೀ ಕಂಡಿದ್ದೇನಲೇ?”

“ಊರೆಲ್ಲಾ ಹೇಳತೈತಲ್ರಿ!”

ಊರೆಲ್ಲಾ ಹೇಳುತ್ತದೆ! ಹಾಗಾದರೆ ಊರೇ ಹೋಗಿತ್ತೇ ಆ ಹಡಗಿನಲ್ಲಿ? ಮುಳುಗಿಸಿದವನಿಗೆ ಕಲ್ಲು ಬೇಕು, ಉಳಿಸಿದವನೆಂದರೆ ನಾಚಿಕೆ! ಇದೆಂಥ ಬುದ್ಧಿ? ಸತ್ತವನು ಎದ್ದು ಬಂದು ಮತ್ತೊಮ್ಮೆ ಇಲ್ಲವೆನ್ನಲಾರನೆಂಬ ಧೈರ್ಯ ತಾನೇ ನಿಮಗೆ?

ನಾನು ವಿಚಾರಿಸದೆ ಯಾರನ್ನೂ ನಂಬುವವನಲ್ಲ. ಕಾಕನನ್ನೂ ಪೂರಾ ನಂಬಿರಲಿಲ್ಲ. ಉಳಿದವರಲ್ಲೊಬ್ಬರು ಯಮನೂರಿನವರೆಂದು ಅವನು ಹೇಳುತ್ತಿದ್ದ. ಹೋದ ವಾರ ಹುಡುಕಿಕೊಂಡು ಹೋದೆ. ದರ್ಗಾದ ಎದುರು ಸಕ್ಕರೆ, ಮಂಡಕ್ಕಿ ಮಾರುವ ಮುದುಕರು. ಉರಿದ ಆ ಸರಕು ಹಡಗಿನಲ್ಲಿ ಕಲ್ಲಿದ್ದಲು ಹಾಕುತ್ತಿದ್ದವರು.

“ನೀರಿಗಿ ಜಿಗದಿದ್ನಿರಿ. ಹೊಗಿಯೊಳಗ ಒಂದ ಹಗ್ಗಾ ಬಂತು. ಹಿಡದ್ನಿ, ಅಂಗೈ ಸುಲಕೊಂಡ ಹೋತು. ಅಲ್ಲಾನ್ನ ಕರದ್ನಿ, ಆಮ್ಯಾಲ ಯವ್ವಾ ಅಂದ್ನಿ. ಮ್ಯಾಲಿಂದ ಒಂದ ದನಿ: ‘ಯಾವೂರಲೇ ನೀ? ಹಗ್ಗಾ ಬಿಟ್ಟೀ ಅಂದ್ರ ನೋಡ ಮತ್ತ!’ ಸಮುದ್ರದ ನಡುವ ನಮ್ಮ ಕಡೀ ಬೈಗಳಾ ಕೇಳಿ, ಇನ್ನ ನಾ ಸಾಯೂದಿಲ್ಲ ಅನಿಸ್ತರಿ.”

ಆಮೇಲೆ ಕಾಕಾ ಯಮನೂರಿಗೆ ಬಂದಾಗಲೆಲ್ಲ ಅಂಗಡಿಯ ಮುಂದೆ ನಿಂತು, “ಕೈ ತಗೀಲೇ, ನೋಡೂಣು” ಎನ್ನುತ್ತಿದ್ದನಂತೆ. ನೋಡಿ, ತನ್ನ ದಾರಿ ಹಿಡಿಯುತ್ತಿದ್ದನಂತೆ.

ಕಾಕಾ ತೀರಿದ ಸುದ್ದಿ ಅವರಿಗೆ ಮುಟ್ಟಿರಲಿಲ್ಲ. ನಾನೇ ಹೇಳಬೇಕಾಯಿತು. ನಾನು ಕೇಳದೆಯೇ ಅವರು ಬಲಗೈ ಬಿಚ್ಚಿ ನನ್ನ ಮುಂದೆ ಹಿಡಿದರು.

ಸಮಿತಿಯವರೇ, ಕಲ್ಲಿಗೆ ಉಳಿ ತಾಗುವ ಮೊದಲು ಯಮನೂರಿಗೆ ಹೋಗಿಬನ್ನಿ. ಬಸ್ಸಿದೆ. ದರ್ಗಾದ ಎದುರಿನ ಸಕ್ಕರೆ ಅಂಗಡಿ. ಕೈ ತೋರಿಸಿರೆಂದು ಕೇಳಿ. ಅಂಗೈಗೆ ಅಡ್ಡವಾಗಿ ಹಗ್ಗ ಹಾದುಹೋದ ಗೆರೆ ಇನ್ನೂ ಬೆಳ್ಳಗಿದೆ.