ನಾಲ್ಕನೇ ನಂಬರಿನ ಸೋಯಾ

"ನಿಮ್ಮ ನಾಲ್ಕನೇ ನಂಬರಿಗಿಷ್ಟು ಬೆಂಕಿ ಹಾಕ! ಐದು ವಿಜಲ್ ಕೂಗಿಸಿದ್ರೂ ಕಲ್ಲಿನ ಹಂಗೇ ಇದೆ. ಎರಡನೇದು ನೋಡಿ, ಬೆಣ್ಣೆ!" ಬೆಳಗ್ಗೆಯೇ ಕುಕ್ಕರಿನ ಮುಚ್ಚಳ ತೆಗೆದು ಹೆಂಡತಿ ರೇಗಿದಳು.

"ನಿನಗೆ ಬೇಯಿಸೋಕೆ ಬರಲ್ಲ ಅನ್ನು. ಕಾಳನ್ನ ಯಾಕೆ ಬೈತೀಯ?" ಪ್ರಯೋಗಪ್ಪ ಬಿಟ್ಟುಕೊಡಲಿಲ್ಲ.

"ಇಬ್ಬರೂ ಸುಮ್ನಿರ್ರಿ," ಅವನ ಅಣ್ಣ ನಡುವೆ ಬಾಯಿ ಹಾಕಿದ. "ಹೊಳಪು ಅಂದ್ರೆ ಒಂದನೇದು."

ಊರವರು ಪ್ರಯೋಗಪ್ಪ ಎಂದೇ ಕರೆಯುವ ಈ ರೈತನಿಗೆ ಕೃಷಿ ಅಧಿಕಾರಿ ನಾಲ್ಕು ಚೀಲ ಸೋಯಾ ಬೀಜ ಕೊಟ್ಟು, ಬೋರಿನ ನೀರು ಹರಿಯುವ ಹೊಲದಲ್ಲಿ ನಾಲ್ಕು ಮಡಿ ಬಿತ್ತಿಸಿದ್ದರು. ಚೀಲದ ಮೇಲೆ ತಳಿಯ ಹೆಸರಿಲ್ಲ, ಬರೀ ನಂಬರು. ಎಲ್ಲಕ್ಕೂ ಒಂದೇ ಅಳತೆಯ ನೀರು ಬಿಡಬೇಕೆಂಬುದೊಂದೇ ಷರತ್ತು. ಪ್ರಯೋಗ ಸರಿಯಾದರೆ ಇಡೀ ಊರಿಗೆ ಬಿತ್ತನೆ ಬೀಜ ಬೆಳೆಯುವ ಕೆಲಸ ಇವನದೇ. ನಾಲ್ಕನೆಯದೇ ಗೆಲ್ಲುತ್ತದೆ ಎಂದು ಕಂಡಕಂಡವರ ಮುಂದೆ ಮೀಸೆ ತಿರುವಿಯೂ ಆಗಿತ್ತು. ಇಂದು ತೂಕದ ದಿನ.

ಮಧ್ಯಾಹ್ನ ಅಧಿಕಾರಿ ಬಂದರು. ಮೊದಲ ಮೂರು ಮಡಿಯ ಫಸಲಿನ ಚೀಲಗಳು ಒಡಹುಟ್ಟಿದವರಂತೆ ಸಮಸಮ ತೂಗಿದವು. ನಾಲ್ಕನೆಯದನ್ನು ಏರಿಸಿದರೆ ತಕ್ಕಡಿಯ ಮುಳ್ಳು ಹಟ ಹಿಡಿದ ಎಮ್ಮೆಯಂತೆ ಅರ್ಧಕ್ಕೇ ನಿಂತಿತು.

ಅಧಿಕಾರಿ ಆ ಮಡಿಯ ಕಡ್ಡಿಯೊಂದನ್ನು ಎತ್ತಿ ಮೊಳ ಹಾಕಿದರು. "ನೀರು ಜಾಸ್ತಿಯಾಗಿ ಗಿಡ ಉದ್ದ ಬೆಳೆದು ಮಲಗಿಬಿಟ್ಟಿದೆ. ಕಾಯಿ ಸರಿಯಾಗಿ ಕಟ್ಟಿಲ್ಲ. ಯಾರ್ರೀ ಬಿಟ್ಟಿದ್ದು?"

"ನಾನೇ ಸಾರ್," ಪ್ರಯೋಗಪ್ಪ ತಲೆ ಕೆರೆದುಕೊಂಡ. "ಒಂದರ್ಧ ಗಂಟೆ, ಅಷ್ಟೇ."

"ಅಯ್ಯೋ, ನೀನೂನಾ?" ಎಂದ ಅಣ್ಣ. "ನೀನು ಮನೆಗೆ ಹೋದ್ಮೇಲೆ ನಾನೂ ಬಿಡ್ತಿದ್ದೆ ಕಣೋ. ಸೋತ್ರೆ ನಿನ್ನ ಮುಖ ನೋಡೋರ್ಯಾರು?"

ಹೆಂಡತಿ ನೆಲ ನೋಡುತ್ತ, "ಹುಲ್ಲಿಗೆ ಹೋದಾಗೆಲ್ಲ ನಾನೂ..." ಎಂದಳು. ಬೆಳಗ್ಗೆ ಬೆಂಕಿ ಹಾಕಿದವಳೇ ಮೂರು ತಿಂಗಳು ನೀರು ಹಾಕಿದ್ದಳು!

ಪ್ರಯೋಗಪ್ಪ ನಾಲ್ಕನೇ ಚೀಲವನ್ನು ತಕ್ಕಡಿಯಿಂದ ಇಳಿಸಿದ. ಆದರೂ ಆಸೆ ಬಿಡಲಿಲ್ಲ. "ಹೋಗ್ಲಿ ಸಾರ್, ಉಳಿದ ಮೂರು ತಳಿಯಲ್ಲಿ ಯಾವುದು ಗೆದ್ದಿತು, ಅದನ್ನಾದ್ರೂ ಹೇಳಿ."

"ಯಾವ ತಳಿ? ನಾಲ್ಕು ಚೀಲದಲ್ಲೂ ಇದ್ದಿದ್ದು ಒಂದೇ ಬೀಜ ಕಣ್ರೀ! ಹೊಲ ಸಮ ಇದೆಯಾ, ರೈತ ಸಮನಾಗಿ ನೀರು ಕೊಡ್ತಾನಾ ಅಂತ ಮೊದಲ ವರ್ಷ ಹೀಗೇ ನೋಡೋದು. ಬೇರೆ ಬೇರೆ ತಳಿ ಕೊಡೋದು ಆಮೇಲೆ. ನಿಮ್ಮ ಹೊಲ ಚಿನ್ನದಂಥದ್ದು. ನಿಮ್ಮ ಮೂವರದ್ದೇ ತೊಂದರೆ."

ಅವರು ಮಡಿಗಳಲ್ಲಿ ನೆಟ್ಟಿದ್ದ ನಾಲ್ಕೂ ನಂಬರಿನ ಹಲಗೆ ಕಿತ್ತು ಕಂಕುಳಿಗೆ ಸಿಕ್ಕಿಸಿಕೊಂಡು ಬೈಕು ಹತ್ತಿದರು.

"ಏನೇ ಆಗ್ಲಿ ಸಾರ್," ಹೆಂಡತಿ ಹಿಂದಿನಿಂದ ಕೂಗಿದಳು, "ಎರಡನೇದು ಬೇಗ ಬೇಯುತ್ತೆ!"

ಹೊರಡುವಾಗ ಯಾರೇ ಆದರೂ ಹೇಳುವ 'ಬರ್ತೀನಿ' ಎಂಬ ಮಾತನ್ನೂ ಅಧಿಕಾರಿ ಹೇಳಲಿಲ್ಲ. ಮತ್ತೆ ಬರಲೂ ಇಲ್ಲ.