ಪಾಯಖಾನೆಗೆ ಕುಬಸ

ಓಣಿಯ ಸುದ್ದಿಯನ್ನು ಓಣಿಯವರಿಗೇ ಹೇಳುವಂಥ ದಡ್ಡ ಕೆಲಸ ಈ ಭೂಮಿಯ ಮೇಲೆ ಇನ್ನೊಂದಿಲ್ಲ. ಯಾರ ಎಮ್ಮೆ ಯಾವ ಗಟಾರಕ್ಕೆ ಬಿತ್ತು, ಯಾರ ಸೊಸೆ ಮುನಿಸಿಕೊಂಡು ತವರಿಗೆ ಹೋದಳು, ಯಾವ ಕಂಬದ ದೀಪ ಹಗಲೆಲ್ಲ ಉರಿದು ಕತ್ತಲಾದ ಕೂಡಲೇ ಆರುತ್ತದೆ, ಇದೆಲ್ಲ ನನಗಿಂತ ಮೊದಲು ಅವರಿಗೇ ಗೊತ್ತಿರುತ್ತದೆ. ಆದರೂ ತಿಂಗಳಿಗೊಮ್ಮೆ ನಾನು ಅದನ್ನು ಅವರಿಗೆ ಹೇಳಲೇಬೇಕು. ಯಾಕೆಂದರೆ ನಾನು ನಮ್ಮೂರ ಪುರಸಭೆಯ ಮೆಂಬರು. ಮೆಂಬರಾದವರು ತಿಂಗಳಿಗೊಮ್ಮೆ ವಾರ್ಡಿನ ಜನರಿಗೆ ವರದಿ ಕೊಡಬೇಕು ಎಂದು ಯಾವುದೋ ತರಬೇತಿಯಲ್ಲಿ ಹೇಳಿದರು. ಬೇರೆ ಮೆಂಬರುಗಳು ಅಲ್ಲಿ ಕೊಟ್ಟ ಊಟ ಉಂಡು ಬಂದು ಮಾತು ಮರೆತರು. ನಾನು ಊಟವನ್ನು ಮರೆತೆ, ಅನ್ನ ಹಸಿ ಇತ್ತು. ಮಾತು ಮಾತ್ರ ನೆನಪಿನಲ್ಲಿ ಉಳಿಯಿತು.

ನಾನು ಮೆಂಬರಾದದ್ದು ನನ್ನ ದೊಡ್ಡಸ್ತಿಕೆಯಿಂದಲ್ಲ. ನಮ್ಮ ವಾರ್ಡು ಹೆಣ್ಣುಮಕ್ಕಳಿಗೆ ಮೀಸಲಾಯಿತು. ನಾಲ್ಕು ಮಂದಿ ಹಿರಿಯರು ಮನೆಗೆ ಬಂದು ನನ್ನನ್ನು ಕೇಳದೆ ನನ್ನ ಮಗ ಬಸುವನ್ನು ಕೇಳಿದರು, "ಹೆಸರಷ್ಟ ನಿಮ್ಮವ್ವಂದ ಇರಲಿ, ಕಾರಭಾರ ಎಲ್ಲಾ ನಿಂದ" ಎಂದು. ಬಸು ಹಿಗ್ಗಿದ. ಗೆದ್ದ ಮೇಲೆ ಮೊದಲನೆಯ ಮೀಟಿಂಗಿಗೆ ಖಡಕ್ ಇಸ್ತ್ರಿಯ ಅಂಗಿ ತೊಟ್ಟು ನನಗಿಂತ ಮುಂಚೆ ತಯಾರಾಗಿ ನಿಂತ. ನಾನು ಇಳಕಲ್ ಸೀರೆಯ ಸೆರಗು ಹೊದ್ದು ನೆಟ್ಟಗೆ ಒಳಗೆ ಹೋಗಿ ಕುರ್ಚಿಯಲ್ಲಿ ಕುಳಿತು, "ಬಸೂ, ನೀ ಹೊರಗ ನನ್ನ ಚಪ್ಪಲಿ ಕಾಯಪಾ, ಹೊಸಾವ ಅದಾವ" ಎಂದೆ. ಅವತ್ತಿನಿಂದ ಅವನ ಕಾರಭಾರ ಚಪ್ಪಲಿಯ ಹತ್ತಿರವೇ ನಿಂತಿದೆ. ನಾನು ಕಲಿತದ್ದು ಚಚಡಿಯ ಶಾಲೆಯಲ್ಲಿ ಮೂರನೆಯ ಇಯತ್ತೆ. ಓದಲು ಬರುತ್ತದೆ, ಬರೆಯಲು ಬೇಜಾರು. ಹಾಗಾಗಿ ತಿಂಗಳ ವರದಿಯ ಕೆಲಸ ಸೊಸೆ ಸವಿತಾಳ ಪಾಲಿಗೆ ಬಂತು.

ಸವಿತಾ ಡಿಗ್ರಿ ಓದಿದ ಹುಡುಗಿ. ಆಕೆಯ ವರದಿ "ಸನ್ಮಾನ್ಯ ನಾಗರಿಕ ಬಂಧುಗಳೇ" ಎಂದು ಶುರುವಾಗಿ "ಕಾಮಗಾರಿ ಪ್ರಗತಿಯಲ್ಲಿದೆ" ಎಂದು ಮುಗಿಯುತ್ತಿತ್ತು. ಗಟಾರ ಪ್ರಗತಿಯಲ್ಲಿದೆ, ನಳ ಪ್ರಗತಿಯಲ್ಲಿದೆ, ದೀಪದ ಕಂಬ ಪ್ರಗತಿಯಲ್ಲಿದೆ. ಅದನ್ನು ವಾರ್ಡಿನ ವಾಟ್ಸಾಪ್ ಗುಂಪಿಗೆ ಕಳಿಸಿದರೆ ಜನ ಕೈ ಮುಗಿದ ಚಿತ್ರ ಹಾಕುತ್ತಿದ್ದರು. ಒಮ್ಮೆ ಪರೀಕ್ಷೆ ಮಾಡೋಣವೆಂದು ಕೇಳಿದೆ, ಮೂಲೆಮನೆಯ ಗಂಗವ್ವನನ್ನು: "ವರದಿ ಓದಿದ್ಯಾ?" "ಓದಿದ್ನೆವಾ, ಭಾಳ ಛಲೋ ಇತ್ತು. ಯಾರ ತೀರಿಕೊಂಡಿದ್ರು?" ಎಂದಳು. ಅವತ್ತೇ ಸವಿತಾಳಿಗೆ ಹೇಳಿಬಿಟ್ಟೆ: ಇನ್ನು ಮೇಲೆ ನೀನು ಬರೆಯಬೇಡ, ನಾನೇ ಬಾಯಿಂದ ಹೇಳುತ್ತೇನೆ, ನೀನು ಫೋನಿನ ಗುಂಡಿ ಒತ್ತಿ ಹಿಡಿ, ಬಿಟ್ಟ ಕೂಡಲೇ ಮಾತು ಗುಂಪಿಗೆ ಹೋಗಲಿ. ಹೇಳುವ ದಿನವನ್ನೂ ನಾನೇ ಗೊತ್ತುಮಾಡಿದೆ. ಅಮಾವಾಸ್ಯೆ. ನಮ್ಮ ಕಡೆ ಅಮಾವಾಸ್ಯೆಗೆ ಎತ್ತು ಹೂಡುವುದಿಲ್ಲ. ಗಂಡಸರು ಹೋಳಿಗೆ ಉಂಡು ಕಟ್ಟೆಯ ಮೇಲೆ ಉರುಳಿರುತ್ತಾರೆ, ಹೆಂಗಸರು ಭಾಂಡೆ ತಿಕ್ಕಿ ಕಾಲು ಚಾಚಿರುತ್ತಾರೆ. ಹೊಟ್ಟೆ ತುಂಬಿದ ಮನುಷ್ಯನಿಗೆ ಓಡಿಹೋಗಲು ಆಗುವುದಿಲ್ಲ. ಸುದ್ದಿ ಹೇಳುವುದಕ್ಕೆ ಅದಕ್ಕಿಂತ ಒಳ್ಳೆಯ ಹೊತ್ತು ಯಾವುದಿದೆ?

ಇಷ್ಟೆಲ್ಲ ಪೀಠಿಕೆ ಯಾಕೆಂದರೆ, ಆ ಪ್ರಗತಿಯಲ್ಲಿದ್ದ ಕಾಮಗಾರಿಗಳಲ್ಲಿ ಒಂದು ಸಂತೆ ಬಯಲಿನ ಹೆಣ್ಣುಮಕ್ಕಳ ಪಾಯಖಾನೆ. ಪಾಯ ತೋಡಿದರು, ನಾನೇ ತೆಂಗಿನಕಾಯಿ ಒಡೆದೆ, ಫೋಟೋ ತೆಗೆದರು. ಗೋಡೆ ಟೊಂಕದವರೆಗೆ ಎದ್ದಿತು. ಎದ್ದದ್ದು ಅಲ್ಲೇ ನಿಂತಿತು. ನಾಲ್ಕು ಮೂಲೆಗೆ ಕಬ್ಬಿಣದ ಸಳಿಗಳು ಆಕಾಶ ನೋಡುತ್ತ ನಿಂತವು. ಅದರ ಮುಂದೆಯೇ ದೊಡವಾಡದ ಬಾಳವ್ವ ಕಾಯಿಪಲ್ಯದ ಅಂಗಡಿ ಹಚ್ಚುತ್ತಾಳೆ. ಬೆಳಗಿನ ಮೊದಲ ಬಸ್ಸಿಗೆ ಮೆಂತ್ಯೆ, ಪುಂಡಿಪಲ್ಯ, ಹಕ್ಕರಿಕೆ ಹೊತ್ತು ಬಂದರೆ ಸಂಜೆಯ ಬಸ್ಸಿಗೆ ಹೋಗುವುದು. ನನಗೂ ಆಕೆಗೂ ಎಷ್ಟೋ ವರ್ಷದ ಜಗಳ. ನಾನು ಪಲ್ಯದ ಕಟ್ಟು, ಅದೇ ಸೂಡು, ಸಣ್ಣದೆನ್ನುತ್ತೇನೆ, ಆಕೆ ನನ್ನ ಕಣ್ಣು ದೊಡ್ಡದೆನ್ನುತ್ತಾಳೆ. ಜಗಳ ಆಡದೆ ತಂದ ಪಲ್ಯ ನಮ್ಮ ಮನೆಯಲ್ಲಿ ರುಚಿಯಾಗುವುದಿಲ್ಲ.

ಹೋದ ಬೇಸಿಗೆಯ ಒಂದು ಸಂತೆಯಲ್ಲಿ ಆಕೆ ಜಗಳಕ್ಕೇ ಬರಲಿಲ್ಲ. ಮುಖ ಬಾಡಿತ್ತು. ನಾನು ನನ್ನ ತಂಬಿಗೆ ಚಾಚಿ, "ಕುಡಿ, ಬಿಸಲಾಗ ಕುಂತೀದಿ" ಎಂದೆ.

"ಒಲ್ಲೆವ್ವಾ."

"ಯಾಕ? ನಮ್ಮನಿ ನೀರಿಗೆ ಏನ ಬ್ಯಾನಿ ಬಂದೈತಿ?"

"ನೀರಿಗಲ್ಲ, ನನಗ ಬಂದೈತಿ. ಕುಡದ ಮ್ಯಾಲ ಎಲ್ಲಿ ಹೋಗ್ಲಿ? ಗಂಡಸೂರು ಗ್ವಾಡಿ ಕಂಡಲ್ಲೆ ನಿಂದರತಾರ. ನಾ ಏನ ಬಸ್ ಹತ್ತಿ ದೊಡವಾಡಕ್ಕ ಹೋಗಿ ಬರ್ಲ್ಯಾ?"

ನೀರು ಕುಡಿಯದೆ ಕುಡಿಯದೆ ಆಕೆಗೆ ಉರಿಮೂತ್ರ ಹತ್ತಿತ್ತು. ನೀರು ಹೆಚ್ಚು ಕುಡಿ, ಇಲ್ಲವಾದರೆ ಕಿಡ್ನಿಗೆ ಇಳಿಯುತ್ತದೆ ಎಂದು ಡಾಕ್ಟರು ಬೈದು ಕಳಿಸಿದ್ದರಂತೆ. "ಇನ್ನ ಸಂತಿ ಬಿಡತೇನಿ, ಅಕ್ಕಾ. ಈ ಪಲ್ಯಾ ಮಾರಿ ಬಂದದ್ದು ದವಾಖಾನಿಗೆ ಸಾಲೂದಿಲ್ಲ" ಎಂದಳು. ಆಮೇಲೆ ಹಿಂದೆ ತಿರುಗಿ ಆ ಮೋಟು ಗೋಡೆಯನ್ನು ನೋಡಿ ನಕ್ಕಳು. "ನೀ ಕಾಯಿ ಒಡದಾಗನ ನನ್ನ ಸೊಸಿ ತಿಂಗಳ ನೀರ ಹಾಕ್ಕೊಳ್ಳೂದು ನಿಂತಿತ್ತು ನೋಡು. ಆಕಿಗೆ ಒಂಬತ್ತು ತುಂಬ್ಯಾವ, ಮೊನ್ನಿ ಹಸರ ಸೀರಿ ಉಡಿಸಿ, ಬಳಿ ಇಡಿಸಿ ಕುಬಸಾ ಮಾಡೇವಿ. ನಿನ್ನ ಬಸರಿ ಇನ್ನೂ ಟೊಂಕದಮಟ ಐತಿ!"

ಆಕೆ ಸಂತೆ ಬಿಟ್ಟರೆ ನಾನು ಜಗಳ ಆಡುವುದು ಯಾರ ಜೊತೆ? ನೇರವಾಗಿ ಗುತ್ತಿಗೆದಾರ ಗುರುಶಿದ್ದಪ್ಪನನ್ನು ಹುಡುಕಿಕೊಂಡು ಹೋದೆ. ಬಸ್‌ಸ್ಟ್ಯಾಂಡಿನ ಎದುರು ಗಿರಮಿಟ್ ತಿನ್ನುತ್ತ ಕುಳಿತಿದ್ದ. ಕೆಟ್ಟವನಲ್ಲ, ಯಾವ ಕೆಲಸವನ್ನೂ ಬಿಟ್ಟುಬಿಡುವುದಿಲ್ಲ, ಮುಗಿಸುವುದೂ ಇಲ್ಲ. ಊರಲ್ಲಿ ಅವನು ಹಿಡಿದ ಕೆಲಸಗಳೆಲ್ಲ ಅರ್ಧ ನಿಂತು ಅವನ ದಾರಿ ಕಾಯುತ್ತಿರುತ್ತವೆ. ನಾನು ಕೇಳಿದ್ದಕ್ಕೆ ಮೆಣಸಿನಕಾಯಿ ಕಚ್ಚುತ್ತ, "ಆಗತೈತ್ರಿ ಮೆಂಬರವ್ವಾರ. ಅವಸರ ಮಾಡಿದ್ರ ಕೂಸರ ಹುಟ್ಟತೈತೇನ್ರಿ? ಎಲ್ಲಾದಕ್ಕೂ ದಿನಾ ತುಂಬಬೇಕು" ಎಂದ. ಅವನ ಬಾಯಿಂದ ಈ ಮಾತು ಬರಬಾರದಿತ್ತು. ಬಾಳವ್ವ ಹಾಕಿದ ಕಟ್ಟಿಗೆಗೆ ಇವನು ಕಡ್ಡಿ ಗೀರಿದ.

ಮುಂದಿನ ಅಮಾವಾಸ್ಯೆಗೆ ಹೋಳಿಗೆ ಉಂಡು, ಬಾಯಿ ಮುಕ್ಕಳಿಸಿ, ಸವಿತಾಳ ಕೈಯಲ್ಲಿ ಗುಂಡಿ ಒತ್ತಿಸಿ ಸುದ್ದಿ ಹೇಳಿದೆ. ಮೊದಲು ದೀಪದ ಕಂಬ, ಆಮೇಲೆ ನಾಯಿಗಳ ಕಾಟ, ಆಮೇಲೆ, "ಇನ್ನೊಂದ ಶುಭ ಸುದ್ದಿ. ಸಂತಿ ಬಯಲದಾಗಿನ ಹೆಣಮಕ್ಕಳ ಪಾಯಖಾನಿಗೆ ಒಂಬತ್ತು ತುಂಬ್ಯಾವ. ಬರೂ ಸಂತಿ ದಿನಾ ಕುಬಸಾ ಇಟ್ಕೊಂಡೇವಿ. ತವರಮನಿ ನಾವ. ಗಂಡನ ಮನಿ ಗುತ್ತೇದಾರ ಗುರುಶಿದ್ದಪ್ಪನವರದು. ಎಲ್ಲಾರೂ ಬುತ್ತಿ ಕಟಗೊಂಡು ಬರ್ರಿ" ಎಂದೆ. ಸವಿತಾಳ ಬೆರಳು ಗುಂಡಿಯ ಮೇಲೆಯೇ ಮರಗಟ್ಟಿತು. "ಅತ್ತಿ, ಹಿಂಗಽ ಕಳಸ್ಲೇನ್ರಿ?" "ಕಳಸು. ನಿನ್ನ ನಾಗರಿಕ ಬಂಧುಗಳು ಒಮ್ಮೆರ ಕೇಳ್ಲಿ" ಎಂದೆ.

ಕೇಳಿದರು. ಆ ಮಾತು ವಾರ್ಡು ದಾಟಿ, ಊರು ದಾಟಿ, ಕಿತ್ತೂರು, ಸವದತ್ತಿಯವರೆಗೂ ಹೋಯಿತು. ರಾಮದುರ್ಗದ ಸಾಲಹಳ್ಳಿಗೆ ಕೊಟ್ಟ ನನ್ನ ಮಗಳು ಫೋನು ಮಾಡಿ, "ಅವ್ವಾ, ನಿನಗೇನ ಅರಳುಮರಳ? ನಮ್ಮತ್ತಿ ಕೇಳಾಕತ್ತಾಳ, ನಿಮ್ಮ ಮನ್ಯಾಗ ಯಾರ ಬಸರ ಅಂತ" ಎಂದಳು. "ಮುನಸಿಪಾಲ್ಟಿ ಬಸರ ಅಂತ ಹೇಳು" ಎಂದೆ. ಬಸು ಮನೆಯಲ್ಲಿ ತಲೆ ಹಿಡಿದು ಕುಳಿತ. "ಹೇಲ ಮನಿಗೆ ಕುಬಸಾ ಮಾಡಿ ಮಾನಾ ಕಳೀತಿಯಲ್ಲಬೇ" ಎಂದ. "ಮಾನ ಇದ್ದಾವರಿಗೆ ಅದ ಬೇಕಾಗೇತಿ" ಎಂದೆ. ಗುರುಶಿದ್ದಪ್ಪ ಮಾತ್ರ ಚಹಾ ಅಂಗಡಿಯಲ್ಲಿ ಎಲ್ಲರ ಜೊತೆ ತಾನೂ ನಕ್ಕನಂತೆ. ಮುದುಕಿ ನಾಲ್ಕು ದಿನ ಕೂಗಿ ಸುಮ್ಮನಾಗುತ್ತಾಳೆ ಎಂದುಕೊಂಡಿರಬೇಕು.

ಆದರೆ ಕುಬಸ ಎಂದ ಮೇಲೆ ಬೀಗರನ್ನು ಫೋನಿನಲ್ಲಿ ಕರೆದರೆ ನಡೆಯುತ್ತದೆಯೇ? ಕುಂಕುಮದ ಬಟ್ಟಲು ಹಿಡಿದು, ಸವಿತಾಳನ್ನು ಜೊತೆಗೆ ಕರೆದುಕೊಂಡು ಗುರುಶಿದ್ದಪ್ಪನ ಮನೆಗೇ ಹೋದೆ. ಅವನ ಹೆಂಡತಿ ಶಾಂತವ್ವ ಮರ್ಯಾದಸ್ಥ ಹೆಣ್ಣುಮಗಳು. ನಾನು ಗಂಡ ಸತ್ತವಳು. ಹಾಗಾಗಿ ಸವಿತಾ ಕುಂಕುಮ ಹಚ್ಚಿದಳು, ನಾನು ಕರೆದೆ. "ಬೀಗತಿ, ನಿಮ್ಮ ಸೊಸಿ ಕುಬಸಾ ಐತಿ. ಹತ್ತ ಹೆಣಮಕ್ಕಳ ನಡಬರಕ ಗಂಡನ ಮನಿಯವರು ಬರಲಿಲ್ಲಂದ್ರ ಚಂದ ಕಾಣೂದಿಲ್ಲ." ಶಾಂತವ್ವನಿಗೆ ನಗೆ ಬಂತೋ ಅಳು ಬಂತೋ, ಸೆರಗು ಬಾಯಿಗೆ ಹಿಡಿದಳು. ಪುರಸಭೆಯ ನೋಟಿಸನ್ನು ಹಿಂದಕ್ಕೆ ಕಳಿಸಬಹುದು, ಅಲ್ಲಿನ ಮುಖ್ಯಾಧಿಕಾರಿ ಸಾಹೇಬರ ಫೋನನ್ನು ಎತ್ತದೆ ಬಿಡಬಹುದು. ಮನೆಯ ತನಕ ಬಂದು ಹಚ್ಚಿದ ಕುಂಕುಮಕ್ಕೆ ಬರುವುದಿಲ್ಲ ಎಂದು ಹೇಳಿದ ಹೆಣ್ಣುಮಗಳು ನಮ್ಮ ನಾಡಿನಲ್ಲಿ ಇನ್ನೂ ಹುಟ್ಟಿಲ್ಲ. "ಬರತೇನ್ರಿ" ಎಂದಳು.

ಆ ದಿನ ಸಂತೆಯಲ್ಲಿ ವ್ಯಾಪಾರವೇ ಆಗಲಿಲ್ಲ. ಸವಿತಾ ಇಸ್ತ್ರಿ ಮಾಡಿ ತಂದ ಹಸಿರು ಸೀರೆಯನ್ನು ಮೋಟು ಗೋಡೆಗೆ ಉಡಿಸಿದೆವು. ನೆರಿಗೆ ಬಹಳ ಚೆಂದ ಕೂತಿತು. ಅಲುಗಾಡದ ಬಸುರಿ ಅದು. ನಿಂತ ಸಳಿಗಳಿಗೆಲ್ಲ ಹಸಿರು ಬಳೆ ಏರಿಸಿದೆವು. ಗಂಗವ್ವ ಆರತಿ ತಂದಳು. ಕಡಬು, ಸಜ್ಜಿರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರು ಬುತ್ತಿ ಹರವಿ ಕುಳಿತೆವು. ಬಾಳವ್ವ ತನ್ನ ಪಲ್ಯದ ಬುಟ್ಟಿ ಮುಚ್ಚಿ ಹಾಡಲು ಕುಳಿತಳು. ಗಂಡಸರು ದೂರ ನಿಂತು ಫೋನು ಎತ್ತಿ ಹಿಡಿದಿದ್ದರು. ಅವರ ಹಿಂದೆ ಸಾಹೇಬರ ಜೀಪು ಬಂದು ನಿಂತದ್ದೂ ಕಾಣಿಸಿತು. ಗುರುಶಿದ್ದಪ್ಪ ಬೇವಿನ ಮರದ ಮರೆಯಲ್ಲಿದ್ದ. ಮರ ತೆಳ್ಳಗೆ, ಅವನು ದಪ್ಪ.

ಕುಬಸದಲ್ಲಿ ಗಂಡನ ಹೆಸರು ಹೇಳಿಸದೆ ಬಿಡುವುದಿಲ್ಲವಲ್ಲ. "ಬೀಗತಿ ಒಡಪು ಹಾಕಬೇಕು!" ಎಂದು ಎಲ್ಲರೂ ಗಂಟುಬಿದ್ದರು. ಶಾಂತವ್ವ ಮೊದಲು ನಾಚಿದಳು. ಆಮೇಲೆ ಎದ್ದು ನಿಂತು, ಆ ಮೋಟು ಗೋಡೆಯನ್ನೊಮ್ಮೆ, ಬೇವಿನ ಮರವನ್ನೊಮ್ಮೆ ನೋಡಿ ಹೇಳಿದಳು:

"ಬೆಳ್ಳಿ ಬಟ್ಟಲದಾಗ ಬೆಣ್ಣಿ, ಬೆಣ್ಣ್ಯಾಗ ಸಕ್ಕರಿ,
ಗುರುಶಿದ್ದಪ್ಪನವರು ಇದಕ ಬಾಗಲಾ ಹಚ್ಚೂತನಕ ಮನ್ಯಾಗ ಹಾಕೂದಿಲ್ಲ ಭಕ್ಕರಿ!"

ಸಂತೆ ಬಯಲಿಗೆ ಬಯಲೇ ಕೇಕೆ ಹಾಕಿತು. ಜೀಪಿನಲ್ಲಿದ್ದ ಸಾಹೇಬರು ನಗುವುದನ್ನು ನಾನು ಮೊದಲ ಸಲ ನೋಡಿದೆ, ಹಲ್ಲು ಚೆನ್ನಾಗಿವೆ. ಮೀಟಿಂಗಿನಲ್ಲಿ ನಾನು ಎಷ್ಟು ಸಲ ಮೇಜು ಕುಟ್ಟಿದ್ದೆ! ಒಂದು ಜೋಳದ ಭಕ್ಕರಿ ಮಾಡುವ ಕೆಲಸವನ್ನು ಮೇಜು ಮಾಡಲಾರದು. ಶಾಂತವ್ವ ಆಡಿದಂತೆ ಮಾಡಿದಳಂತೆ; ಗುರುಶಿದ್ದಪ್ಪ ಖಾನಾವಳಿಯಲ್ಲಿ ಉಣ್ಣುವುದನ್ನು ಊರೇ ನೋಡಿತು. ಮರುದಿನ ಬೆಳಿಗ್ಗೆಯೇ ಸಿಮೆಂಟು ಬಂತು, ಗೌಂಡಿಗಳು ಬಂದರು. ಬಳೆ ತೆಗೆಯುವ ಮುಂಚೆ ಗೌಂಡಿ ನನ್ನ ಅಪ್ಪಣೆ ಕೇಳಿದ. ಗೋಡೆ ಏರಿತು, ಛತ್ತು ಕೂತಿತು, ನಳ ಬಂತು, ಒಳಗಿನಿಂದ ಚಿಲಕ ಬೀಳುವ ಬಾಗಿಲು ಬಂತು. ಮುಂದಿನ ಅಮಾವಾಸ್ಯೆಯೊಳಗೆ ಹೆರಿಗೆ ಸುಸೂತ್ರವಾಯಿತು.

ಉದ್ಘಾಟನೆಯ ಪಟ್ಟಿ ಕತ್ತರಿಸಲು ಸಾಹೇಬರು ಕತ್ತರಿ ಕೊಟ್ಟರು. ನಾನು ಅದನ್ನು ಬಾಳವ್ವನ ಕೈಗಿಟ್ಟೆ. ಆಕೆ ಪಟ್ಟಿ ಕತ್ತರಿಸಿ, ಕತ್ತರಿ ನನ್ನ ಕೈಗೆಸೆದು, ಭಾಷಣ ಶುರುವಾಗುವ ಮುಂಚೆಯೇ ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ಸಾಹೇಬರು ಕಾಗದ ಹಿಡಿದು ಹೊರಗೆ ಕಾದರು. ಬಾಳವ್ವ ಹೊರಗೆ ಬಂದಳು, ಕೈ ತೊಳೆದಳು, ನನ್ನ ತಂಬಿಗೆಯನ್ನು ಕೇಳಿಯೂ ಕೇಳದೆ ಕಿತ್ತುಕೊಂಡು ಎಲ್ಲರ ಎದುರು ಗಟಗಟನೆ ತಳಮುಟ್ಟ ಕುಡಿದಳು. "ಇನ್ನೊಂದ ತುಂಬಿಸಿಕೊಂಡ ಬಾ" ಎಂದು ತಂಬಿಗೆಯನ್ನು ಮೆಂಬರಳ ಕೈಗೇ ಕೊಟ್ಟಳು. ನಾನು ಹೋಗಿ ತುಂಬಿಸಿಕೊಂಡು ಬಂದೆ. ಆ ದಿನ ಆಕೆ ಕೊಟ್ಟ ಮೆಂತ್ಯೆಯ ಸೂಡು ಎಂದಿಗಿಂತ ಸಣ್ಣದಿತ್ತು. ಮನದಣಿಯೆ ಜಗಳ ಆಡಿದೆ.

ಗೆದ್ದೆ ಎಂದು ಬೀಗುತ್ತ ಮನೆಗೆ ಹೊರಟಿದ್ದೆ. ಹಿಂದಿನಿಂದ ಶಾಂತವ್ವ ಕರೆದು, "ಬೀಗತಿ, ಕೀಲಿಕೈ ತಗೋರಿ" ಎಂದಳು. "ನನಗ್ಯಾಕ?" "ಚೊಚ್ಚಲ ಬಾಣಂತನ ತವರಮನೀದ ಅಲ್ಲೇನ್ರಿ?" ನಾನೇ ಊರಿಗೆಲ್ಲ ತವರುಮನೆ ಎಂದು ಸಾರಿಕೊಂಡಿದ್ದೆ; ಈಗ ಎಲ್ಲಿ ಓಡಿಹೋಗಲಿ? ಕಾಯಲು ಒಬ್ಬರನ್ನು ನೇಮಿಸಿ ಎಂದು ಸಾಹೇಬರನ್ನು ಕೇಳಿದರೆ, "ಪ್ರಗತಿಯಲ್ಲಿದೆ" ಎಂದರು. ಹಾಗಾಗಿ ದಿನಾ ಬೆಳಿಗ್ಗೆ ಬಾಗಿಲು ತೆಗೆಯುವವಳು ನಾನು, ಫಿನಾಯಿಲ್ ಹಾಕುವವಳು ನಾನು, ಸಂಜೆ ಕೀಲಿ ಹಾಕಿ ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುವವಳೂ ನಾನು. ಬಸುವಿಗೂ ಕಾರಭಾರ ಸಿಕ್ಕಿದೆ. ನೀರು ನಿಂತ ದಿನ ಕೊಡ ಹೊರುತ್ತಾನೆ. ಪಕ್ಕದ ವಾರ್ಡಿನ ಮೆಂಬರು ಬಂದು, ತಮ್ಮ ಬಸ್ ತಂಗುದಾಣಕ್ಕೆ ಏಳು ತುಂಬಿದೆ, ಏನು ಮಾಡಬೇಕೆಂದು ಸಲಹೆ ಕೇಳಿ ಹೋದಳು. ಮೊದಲು ಬಾಣಂತನದ ವಿಚಾರ ಮಾಡು ಎಂದು ಹೇಳಿ ಕಳಿಸಿದೆ.

ಈ ಅಮಾವಾಸ್ಯೆಗೂ ಹೋಳಿಗೆ ಉಂಡು ಸುದ್ದಿ ಹೇಳಲು ಕಟ್ಟೆಯ ಮೇಲೆ ಕುಳಿತೆ. ಈ ಸಲ ಹೇಳುವುದು ಬಹಳ ಇತ್ತು, ನನ್ನನ್ನು ನಾನೇ ಹೊಗಳಿಕೊಳ್ಳುವುದೂ ಸ್ವಲ್ಪ ಇತ್ತು. ಸವಿತಾ ಗುಂಡಿ ಒತ್ತಿದಳು. ಗಂಟಲು ಸರಿಮಾಡಿಕೊಂಡು, "ಕೇಳ್ರೆವಾ, ಈ ತಿಂಗಳ ನಮ್ಮ ವಾರ್ಡಿನಾಗ" ಎನ್ನುವಷ್ಟರಲ್ಲಿ ಗಂಗವ್ವ ಸೆರಗು ಎತ್ತಿ ಕಟ್ಟಿಕೊಂಡು ಓಡುತ್ತ ಬಂದು ಕೂಗಿದಳು: "ಮೆಂಬರವ್ವಾ, ಸುದ್ದಿ ಆಮ್ಯಾಲ ಹೇಳಾಕಿಯಂತ! ಹೊತ್ತ ಮುಣಗೂ ಮೊದಲ ಕೀಲಿ ಹಾಕ್ಕೊಂಡ ಬಂದ ಕುಂತೀಯಲ್ಲಾ, ಕೀಲಿಕೈ ಕೊಡು ಮೊದಲ!" ಗಾಬರಿಯಲ್ಲಿ ಸವಿತಾಳ ಬೆರಳು ಗುಂಡಿ ಬಿಟ್ಟಿತು, ಗಂಗವ್ವನ ಕೂಗೂ ಸೇರಿ ಅಷ್ಟೇ ಮಾತು ಗುಂಪಿಗೆ ಹೋಯಿತು. ಕ್ಷಣದಲ್ಲಿ ಫೋನು ಟಿಣ್ ಟಿಣ್ ಎನ್ನತೊಡಗಿತು.

"ಅತ್ತಿ, ಈ ಸಲದ್ದ ಎಲ್ಲಾರೂ ಕಡೀತನಕ ಕೇಳ್ಯಾರ್ರಿ" ಎಂದಳು ಸವಿತಾ.

"ನಾ ಇನ್ನೂ ಏನೂ ಹೇಳೇ ಇಲ್ಲಲ್ಲಬೇ" ಎಂದೆ, ಸೊಂಟದಲ್ಲಿ ಕೀಲಿಕೈ ತಡಕಾಡುತ್ತ.