ಸೊಸೆಯ ಮೆದುಳು, ಅತ್ತೆಯ ತಕರಾರು

ಮುಂಬೈಯ ಪರೇಲಿನ ಒಂದು ಆಸ್ಪತ್ರೆಯಲ್ಲಿ ಎಂ.ಆರ್.ಐ. ಯಂತ್ರ ನಡೆಸುವುದು ನನ್ನ ಕೆಲಸ. ಯಂತ್ರ ಕೆಟ್ಟರೆ ರಿಪೇರಿಗೆ ಇಂಜಿನಿಯರ್ ಬರುತ್ತಾನೆ. ಯಂತ್ರದ ಮುಂದೆ ಬಂದು ನಿಲ್ಲುವ ಮನುಷ್ಯರಿಗೆ ಅಂಥ ಸೌಲಭ್ಯವಿಲ್ಲ. ಹಾಗಾಗಿ ದಿನ ಬೆಳಗಾದರೆ ಏನಾದರೊಂದು ನಡೆಯುತ್ತಲೇ ಇರುತ್ತದೆ. ಬೊರಿವಲಿಯಿಂದ ಬಂದ ಒಂದು ಅತ್ತೆ-ಸೊಸೆ ಜೋಡಿಯಂತೂ ನನ್ನ ತಲೆ ತಿಂದುಹಾಕಿತು.

ವಿಜಯಪುರದ ಕಡೆಯವರು. ಸೊಸೆ ಮದುವೆಯಾಗಿ ಮುಂಬೈಗೆ ಬಂದು ವರ್ಷವೂ ಆಗಿರಲಿಲ್ಲ. ಅವಳಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್. ಮೈ ಕಾಯಬೇಕಾದ ಶಕ್ತಿಯೇ ನರಗಳ ಹೊದಿಕೆಯನ್ನು ಕೆರೆದು ಹಾಳುಮಾಡುವ ಕಾಯಿಲೆ. ನೋಡಿದರೆ ಹುಡುಗಿ ಗಟ್ಟಿಮುಟ್ಟು, ಸ್ವಲ್ಪ ಹೊತ್ತು ನಿಂತರೆ ಕಾಲುಗಳು ಸೋಲುತ್ತವೆ. ಮಾಮೂಲಿ ಸ್ಕ್ಯಾನಿನಲ್ಲಿ ಹೊಸದೇನೂ ಕಾಣಲಿಲ್ಲ. ಅಷ್ಟೇ ಸಾಕಾಯಿತು, "ಎಲ್ಲಾ ನಾಟಕ" ಎಂದು ಅತ್ತೆ ತೀರ್ಪು ಕೊಟ್ಟರು. ಡಾಕ್ಟರು ಬಿಡದೆ ಡಿಫ್ಯೂಷನ್ ಸ್ಕ್ಯಾನ್ ಬರೆದರು.

೧. ನೀರು

"ಹೋದ ಸಲದ ಫೋಟೋ ಛಲೋನ ಬಂದಿತ್ತಲ್ರಿ, ಮತ್ತ್ಯಾಕ?" ಅತ್ತೆ ಕೇಳಿದರು.

ನನಗಾದರೂ ಬುದ್ಧಿ ಬೇಡವೆ? ವಿವರಿಸಲು ಕೂತೆ. "ಅಮ್ಮಾರ, ಮೆದುಳಿನಾಗ ನರದ ಎಳಿಗುಂಟ ನೀರಿನಂಶ ಸರೀತಿರತೈತಿ. ಎಳಿ ಕೆಟ್ಟಲ್ಲಿ ಅದು ಅಡ್ಡಾದಿಡ್ಡಿ ಹರಡತೈತಿ. ಈ ಸ್ಕ್ಯಾನ್ ಅದನ್ನ ಹಿಡೀತೈತಿ."

ಅತ್ತೆ ಬಹಳ ಗಂಭೀರವಾಗಿ ಕೇಳಿಸಿಕೊಂಡರು. ಹೊರಗೆ ಹೋದವರೇ ಸೊಸೆಯ ಕೈಯಿಂದ ನೀರಿನ ಬಾಟಲಿ ಕಿತ್ತುಕೊಂಡರು.

"ಸಾಕು ಕುಡದದ್ದು! ತಲೀಮಟ ಏರೈತಂತ!"

೨. ಗೋಣು

ಈ ಸ್ಕ್ಯಾನಿಗೆ ತಲೆ ಕೂದಲೆಳೆಯಷ್ಟೂ ಅಲ್ಲಾಡಬಾರದು. ಹುಡುಗಿ ಹೆದರದಿರಲೆಂದು ಮೈಕಿನಲ್ಲಿ, "ಆರಾಮ ಅದೀಯೇನವಾ?" ಎಂದೆ. ಅವಳು ವಿನಯದಿಂದ ಗೋಣು ಹಾಕಿದಳು. ಚಿತ್ರ ಹಾಳು.

"ಗೋಣು ಹಾಕಬ್ಯಾಡವಾ, ತಿಳೀತಾ?"

ತಿಳಿಯಿತೆಂದು ಮತ್ತೆ ಗೋಣು ಹಾಕಿದಳು.

ಒಳಗೆ ಹೋಗಿ ಗದರಿದರೆ, "ಹಿರ್ಯಾರು ಕೇಳಿದ್ರ ಸುಮ್ಮನ ಹ್ಯಾಂಗ ಇರೂದ್ರಿ ಕಾಕಾ?" ಎಂದಳು. ನಾನು ಕನ್ನಡದವನಾದದ್ದೇ ತಪ್ಪಾಯಿತೆಂದು ಮೈಕನ್ನು ಮರಾಠಿ ಸಹೋದ್ಯೋಗಿಯ ಕೈಗೆ ಕೊಟ್ಟೆ. ಆಕೆ ಮರಾಠಿಯಲ್ಲಿ ಏನೋ ಉಪದೇಶ ಮಾಡಿದಳು. ಅರ್ಥವಾಗಲಿಲ್ಲವೆಂದು ಹುಡುಗಿ ಈ ಸಲ ಅಡ್ಡಡ್ಡ ತಲೆಯಾಡಿಸಿದಳು.

೩. ಫೋಟೋ

ಕೊನೆಗೆ, ಏನಾದರೂ ಆದರೆ ಒತ್ತಲೆಂದು ಅವಳ ಕೈಗೆ ರಬ್ಬರ್ ಚೆಂಡು ಕೊಟ್ಟು ಮೈಕನ್ನೇ ಬಂದ್ ಮಾಡಿದೆವು. ಚಿತ್ರ ಚೊಕ್ಕವಾಗಿ ಬಂತು. ಕಾಲಿನ ಕಡೆ ಇಳಿಯುವ ಎಳೆಗಳು ಎಲ್ಲೆಲ್ಲಿ ಸವೆದಿವೆಯೆಂದು ಡಾಕ್ಟರು ಬಣ್ಣದ ಚಿತ್ರದ ಮೇಲೆ ಬೆರಳಿಟ್ಟು ತೋರಿಸಿದರು.

"ಹಂಗಾರ ಇಕಿ ಖರೇನ ಹೇಳತಿದ್ಲು" ಎಂದು ಅತ್ತೆ ಸೊಸೆಯ ಕೈ ಹಿಡಿದು ಮೆಲ್ಲಗೆ ನಡೆಸಿಕೊಂಡು ಹೋದರು. ನನಗೂ ಕಣ್ಣು ತುಂಬಿತು. ಪೀಡೆ ತೊಲಗಿತೆಂಬ ಸಂತೋಷವೂ ಅದರಲ್ಲಿ ಇತ್ತೆನ್ನಿ.

ವಾರದೊಳಗೆ ಅತ್ತೆ ಮತ್ತೆ ಹಾಜರ್! ಕೈಯಲ್ಲಿ ಅದೇ ಚಿತ್ರ. ಅವತ್ತು ಮನೆಗೆ ಹೋಗುವಾಗ ಲೋಕಲ್ ರೈಲಿನಲ್ಲಿ ಸೊಸೆಗೆ ಸೀಟು ಕೇಳಿದರೆ, ಇಷ್ಟು ಗಟ್ಟಿಮುಟ್ಟಾದ ಹುಡುಗಿಗೆ ನಿಲ್ಲಲು ಏನು ಧಾಡಿ ಎಂದು ಯಾರೂ ಏಳಲಿಲ್ಲವಂತೆ. ಅತ್ತೆ ಚಿತ್ರ ತೆಗೆದು ಒಬ್ಬೊಬ್ಬರ ಮೂಗಿನ ಮುಂದೂ ಹಿಡಿದು, ಡಾಕ್ಟರು ಹೇಳಿದ್ದನ್ನೆಲ್ಲ ತಮಗೆ ಬರುವ ಹಿಂದಿಯಲ್ಲಿ ಮೊದಲಿಂದ ಕೊನೆಯವರೆಗೆ ಒಪ್ಪಿಸಿದರಂತೆ.

"ಸಾಂತಾಕ್ರೂಜ್ ಬರೂದ್ರಾಗ ಇಡೀ ಬೆಂಚ್ ಖಾಲಿ ಆತ್ರಿ! ನನಗೂ ಸೀಟ್ ಸಿಕ್ತು."

"ಛಲೋ ಆತಲ್ರಿ ಅಮ್ಮಾರ. ಮತ್ತೀಗ ಏನು?"

"ಇದು ಭಾಳ ಸಣ್ಣದಾತ್ರಿ. ಬಾಗಲದಾಗ ನಿಂತವರಿಗೆ ಕಾಣವಲ್ದು. ದೊಡ್ಡದು ಮಾಡಿ ಕೊಡ್ರಿ."